ಇಲ್ಲದ ಸಂಗೀತಗಾರ ಬೋರಿಸ್ ಗೊರ್ಬೊನೊಸ್: ಅಲ್ಲಾ ಪುಗಚೋವಾ ತಮ್ಮ ಹಾಡಿಗೆ ಬೇರೆ ಹೆಸರು ಹಾಕಿದ ಪ್ರಕರಣ

1977ರಲ್ಲಿ ಮಾಸ್ಕೋದ ಮಾಸ್ಫಿಲ್ಮ್ ಸ್ಟುಡಿಯೋದಲ್ಲಿ 'ಹಾಡುವ ಹೆಣ್ಣು' ಎಂಬ ಸಿನಿಮಾ ತಯಾರಾಗುತ್ತಿತ್ತು. ನಾಯಕಿಯಾಗಿ ಗಾಯಕಿ ಅಲ್ಲಾ ಪುಗಚೋವಾ. ಕಥೆಯೂ ಒಬ್ಬ ಗಾಯಕಿಯದ್ದೇ. ಹಾಡುಗಳನ್ನು ಮಾಡಲು ಹೆಸರಾಂತ ಸಂಗೀತ ನಿರ್ದೇಶಕ ಅಲೆಕ್ಸಾಂದರ್ ಜತ್ಸೇಪಿನ್ ಒಪ್ಪಿಕೊಂಡಿದ್ದರು. ಈ ನಡುವೆ ಕೆಲವು ಹಾಡುಗಳು ಬೇರೆ ಕಡೆಯಿಂದ ಬಂದವು. ಮಾಡಿದವನು ಬೋರಿಸ್ ಗೊರ್ಬೊನೊಸ್ ಅಂತ ಒಬ್ಬ ಹುಡುಗ, ಮಾಸ್ಕೋ ಪಕ್ಕದ ಲ್ಯುಬೆರ್ತ್ಸಿ ಊರಿನವನು, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾನೆ, ಆದರೆ ಏನು ಚೆನ್ನಾಗಿ ರಾಗ ಹಾಕ್ತಾನೆ ನೋಡಿ, ಎಂದು ಎಲ್ಲರಿಗೂ ಹೇಳಲಾಯಿತು.

ಅಂಥ ಹುಡುಗ ಇರಲೇ ಇಲ್ಲ. ಆ ಹಾಡುಗಳನ್ನು ಮಾಡಿದ್ದು ಪುಗಚೋವಾ.

ಆಗ ಆಕೆಗೆ ಇಪ್ಪತ್ತೆಂಟು ವರ್ಷ. ಸೋವಿಯತ್ ಒಕ್ಕೂಟದಲ್ಲಿ ಆಕೆಯ ದನಿ ಕೇಳದ ಮನೆ ಇಲ್ಲ ಅನ್ನುವಷ್ಟು ಹೆಸರು. ಅಂಥವರು ತಮ್ಮದೇ ಹಾಡಿಗೆ ತಮ್ಮ ಹೆಸರು ಹಾಕಲು ಯಾಕೆ ಹೆದರಬೇಕಿತ್ತು? ಈ ಬರಹ ಪೂರ್ತಿ ಅದರ ಬಗ್ಗೆಯೇ. ಪುಗಚೋವಾ ಬಗ್ಗೆ ಬರೆಯುವವರು ಜಾಸ್ತಿ ಆಕೆಯ ಮದುವೆಗಳು, ಬಟ್ಟೆ, ಜಗಳ ಇವುಗಳ ಸುತ್ತಲೇ ಸುತ್ತುತ್ತಾರೆ. ಆಕೆಯ ವೃತ್ತಿ ಬದುಕಿನ ತಿರುಳು ಈ ಒಂದು ಪ್ರಕರಣದಲ್ಲಿ ಸಿಗುತ್ತದೆ ಎಂಬುದು ನನ್ನ ಅನಿಸಿಕೆ.

ಅಲ್ಲಿಯವರೆಗಿನ ದಾರಿ

ಸೋವಿಯತ್ ಪುಸ್ತಕಗಳು ನವಕರ್ನಾಟಕದ ಅಂಗಡಿಗಳ ಮೂಲಕ ನಮ್ಮ ಮನೆಗಳಿಗೆ ಬಂದವು, ಆದರೆ ಅಲ್ಲಿನ ಜನ ದಿನಾ ಗುನುಗುತ್ತಿದ್ದ ಹಾಡುಗಳು ಅಷ್ಟಾಗಿ ಬರಲಿಲ್ಲ. ಹಾಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು.

ಪುಗಚೋವಾ ಹುಟ್ಟಿದ್ದು 1949ರ ಏಪ್ರಿಲ್ 15ರಂದು, ಮಾಸ್ಕೋದಲ್ಲಿ. ಚಿಕ್ಕಂದಿನಿಂದ ಪಿಯಾನೋ ಕಲಿಕೆ. ಆಮೇಲೆ ಇಪ್ಪೊಲಿತೊವ್-ಇವಾನೊವ್ ಸಂಗೀತ ಶಾಲೆಯಲ್ಲಿ ಗಾಯನವೃಂದ ನಿರ್ದೇಶನದ ಓದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಆಕೆ ಸುಮ್ನೆ ಕಂಠ ಚೆನ್ನಾಗಿದೆ ಅಂತ ವೇದಿಕೆ ಹತ್ತಿದವರಲ್ಲ. ಸ್ವರಲಿಪಿ ಓದಲು, ಬರೆಯಲು, ನಾಲ್ಕು ದನಿಗಳನ್ನು ಒಟ್ಟಿಗೆ ಹೊಂದಿಸಲು ಕಲಿತವರು.

1965ರಲ್ಲಿ, ಇನ್ನೂ ಹದಿನಾರು ವರ್ಷದವರಿದ್ದಾಗ, ರೇಡಿಯೋದ ಬೆಳಗಿನ ಕಾರ್ಯಕ್ರಮಕ್ಕೆ ಮೊದಲ ಹಾಡು ಹಾಡಿದರು. ರೇಡಿಯೋ ತಂಡದ ಜೊತೆ ಸೈಬೀರಿಯಾದ ತೈಲ ಕೆಲಸಗಾರರ ಶಿಬಿರಗಳಿಗೂ ಹೋಗಿ ಹಾಡಿದರು. ಸರ್ಕಸ್ ಶಾಲೆಯಲ್ಲಿ ಪಿಯಾನೋ ನುಡಿಸುವ ಕೆಲಸ ಮಾಡಿದರು. ಅಲ್ಲೇ ಪರಿಚಯವಾದ ಲಿಥುವೇನಿಯಾದ ಸರ್ಕಸ್ ಕಲಾವಿದ ಮಿಕೋಲಾಸ್ ಒರ್ಬಕಾಸ್ ಜೊತೆ ಮದುವೆ, 1971ರಲ್ಲಿ ಮಗಳು ಕ್ರಿಸ್ತೀನಾ, ಎರಡು ವರ್ಷಕ್ಕೆ ವಿಚ್ಛೇದನ. ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಅಲೆದಾಟ. 1974ರ ಅಖಿಲ ಒಕ್ಕೂಟ ಸ್ಪರ್ಧೆಯಲ್ಲಿ ಸಿಕ್ಕಿದ್ದು ಮೂರನೆಯ ಬಹುಮಾನ. ಹತ್ತು ವರ್ಷದ ದುಡಿಮೆ ಆಗಿತ್ತು, ಆದರೂ ಬೀದಿಯಲ್ಲಿ ಗುರುತಿಸುವವರಿರಲಿಲ್ಲ.

ಎಲ್ಲ ಬದಲಾದದ್ದು 1975ರ ಜೂನ್‌ನಲ್ಲಿ. ಬಲ್ಗೇರಿಯಾದ ಕಡಲ ತೀರದಲ್ಲಿ ನಡೆದ 'ಗೋಲ್ಡನ್ ಆರ್ಫಿಯಸ್' ಸ್ಪರ್ಧೆಯಲ್ಲಿ ಆಕೆ 'ಅರ್ಲೆಕಿನೊ' ಹಾಡಿ ಅತ್ಯುನ್ನತ ಪ್ರಶಸ್ತಿ ಗೆದ್ದರು. ಹಾಡಿನ ರಾಗ ಬಲ್ಗೇರಿಯಾದ ಎಮಿಲ್ ದಿಮಿತ್ರೊವ್ ಅವರದು. ವಿದೂಷಕನ ಹಾಡು ಅದು: ಜನರನ್ನು ನಗಿಸಬೇಕು, ಒಳಗಿನ ನೋವು ಯಾರಿಗೂ ಬೇಡ. ಆ ಕಾಲದ ಸೋವಿಯತ್ ಗಾಯಕರು ಮೈಕ್ ಮುಂದೆ ನೆಟ್ಟಗೆ ನಿಂತು ಹಾಡುತ್ತಿದ್ದರು, ಕೈ ಆಡಿಸಿದರೂ ಅಳತೆ ಹಾಕಿದ ಹಾಗೆ. ಪುಗಚೋವಾ ಸೂತ್ರದ ಬೊಂಬೆಯ ಹಾಗೆ ಕೈಕಾಲು ಮುರಿದು ಆಡಿದರು. ಹಾಡಿನ ನಡುವೆ ನಕ್ಕರು. ಆ ನಗು ಶುರುವಾಗುವುದು ನಗುವಾಗಿ, ಮುಗಿಯುವ ಹೊತ್ತಿಗೆ ಅಳುವೋ ನಗುವೋ ತಿಳಿಯುವುದಿಲ್ಲ. ಹಾಡಿನೊಳಗೆ ನಟನೆಯನ್ನು ತಂದವರು ಆಕೆ. ಆಮೇಲೆ ರಷ್ಯಾದಲ್ಲಿ ಬಂದ ಎಷ್ಟೋ ಗಾಯಕಿಯರು ಈ ದಾರಿಯನ್ನೇ ಹಿಡಿದರು.

ದನಿ ಸಾಕು, ಹೆಸರು ಬೇಡ

ಮುಂದಿನ ವರ್ಷದ ಮೊದಲ ದಿನ, 1976ರ ಜನವರಿ 1ರಂದು, ಎಲ್ದಾರ್ ರ್ಯಜಾನೊವ್ ನಿರ್ದೇಶನದ ಹೊಸ ವರ್ಷದ ಸಿನಿಮಾ 'ವಿಧಿಯ ವ್ಯಂಗ್ಯ' ಟಿವಿಯಲ್ಲಿ ಬಂತು. ರಷ್ಯಾದಲ್ಲಿ ಇವತ್ತಿಗೂ ಹೊಸ ವರ್ಷದ ಹಿಂದಿನ ರಾತ್ರಿ ಇದನ್ನು ನೋಡದಿದ್ದರೆ ಹಬ್ಬ ಆಗಲಿಲ್ಲ ಅಂತ. ಅದರ ನಾಯಕಿ ಪೋಲೆಂಡಿನ ಬಾರ್ಬರಾ ಬ್ರಿಲ್ಸ್ಕಾ. ಆಕೆಯ ಮಾತಿಗೆ ದನಿ ಕೊಟ್ಟವರು ವಲೆಂತೀನಾ ತಲಿಜಿನಾ. ಗಿಟಾರ್ ಹಿಡಿದು ಹಾಡುವಾಗ ಕೇಳುವುದು ಪುಗಚೋವಾ ದನಿ. ಒಬ್ಬರ ಮುಖ, ಇನ್ನೊಬ್ಬರ ಮಾತು, ಮತ್ತೊಬ್ಬರ ಹಾಡು ಸೇರಿ ಒಂದು ಪಾತ್ರ. ಸಂಗೀತ ನಿರ್ದೇಶಕ ಮಿಕಾಯೆಲ್ ತರಿವೆರ್ದಿಯೆವ್ ಆಕೆಯಿಂದ ಮತ್ತೆ ಮತ್ತೆ ಹಾಡಿಸಿ, ವೇದಿಕೆಯ ಅಬ್ಬರವನ್ನೆಲ್ಲ ಇಳಿಸಿ, ಅಡುಗೆಮನೆಯಲ್ಲಿ ಕೂತು ಹಾಡುವ ಹೆಂಗಸಿನ ದನಿಯನ್ನು ತೆಗೆಸಿದರು.

1977ರಲ್ಲಿ ಆ ಚಿತ್ರಕ್ಕೆ ಸರ್ಕಾರದ ದೊಡ್ಡ ಪ್ರಶಸ್ತಿ ಬಂತು. ಚಿತ್ರಕಥೆಗಾರ, ನಿರ್ದೇಶಕ, ಛಾಯಾಗ್ರಾಹಕ, ಸಂಗೀತ ನಿರ್ದೇಶಕ, ನಾಯಕ, ನಾಯಕಿ ಎಲ್ಲರ ಹೆಸರೂ ಆ ಪಟ್ಟಿಯಲ್ಲಿತ್ತು. ದನಿ ಕೊಟ್ಟ ತಲಿಜಿನಾ ಹೆಸರಿಲ್ಲ, ಹಾಡಿದ ಪುಗಚೋವಾ ಹೆಸರೂ ಇಲ್ಲ. ಗೊರ್ಬೊನೊಸ್ ಕಥೆ ನಡೆದದ್ದೂ ಅದೇ ವರ್ಷ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ಹಾಡುವವರನ್ನು ಆ ವ್ಯವಸ್ಥೆ ಎಲ್ಲಿ ಕೂರಿಸುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದುಡ್ಡಿನ ಲೆಕ್ಕವೂ ಹಾಗೇ ಇತ್ತು. ಗಾಯಕರಿಗೆ ಒಂದು ಕಚೇರಿಗೆ ಇಷ್ಟು ಅಂತ ಸರ್ಕಾರ ದರ ಕಟ್ಟುತ್ತಿತ್ತು. ರೆಕಾರ್ಡು ತಯಾರಿಸುವ ಕಂಪನಿ ಇದ್ದದ್ದು ಒಂದೇ, ಸರ್ಕಾರದ 'ಮೆಲೋದಿಯಾ'. ಹಾಡಿದ್ದಕ್ಕೆ ಅಲ್ಲಿ ಒಂದು ಸಲದ ಕೂಲಿ. ಡಿಸ್ಕ್ ಲಕ್ಷಗಟ್ಟಲೆ ಮಾರಾಟವಾದರೂ ಹಾಡಿದವರಿಗೆ ಅದರಲ್ಲಿ ಪಾಲಿಲ್ಲ.

ಹಾಡು ಬರೆದವರ, ರಾಗ ಹಾಕಿದವರ ಕಥೆ ಬೇರೆ. ಎಲ್ಲಿ ಹಾಡು ನುಡಿಸಿದರೂ, ರೆಸ್ಟೋರೆಂಟಿನ ವಾದ್ಯತಂಡವೇ ಆಗಲಿ, ಒಂದು ಹಾಳೆಯಲ್ಲಿ ಆ ದಿನ ನುಡಿಸಿದ ಹಾಡುಗಳನ್ನೂ ಅವುಗಳ ಕರ್ತೃಗಳ ಹೆಸರನ್ನೂ ಬರೆದು ಕೊಡಬೇಕಿತ್ತು. ಅದಕ್ಕೆ 'ರಪೊರ್ತಿಚ್ಕಾ' ಅನ್ನುತ್ತಿದ್ದರು. ಆ ಹಾಳೆಗಳ ಲೆಕ್ಕದ ಮೇಲೆ ಕರ್ತೃಗಳಿಗೆ ಗೌರವಧನ ಹೋಗುತ್ತಿತ್ತು. 1973ರಿಂದ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದದ್ದು 'ವಾಪ್' ಎಂಬ ಹಕ್ಕುಸ್ವಾಮ್ಯ ಸಂಸ್ಥೆ. ದೇಶವಿಡೀ ಹಾಡುವ ಒಂದು ಹಾಡು ಮಾಡಿದವರು ಚೆನ್ನಾಗಿಯೇ ಬದುಕುತ್ತಿದ್ದರು.

ಹಾಗಾಗಿ ಹಾಡು ಯಾರದು ಅನ್ನುವುದು ಬರೀ ಮರ್ಯಾದೆಯ ಮಾತಾಗಿರಲಿಲ್ಲ. ಅದಕ್ಕೆ ಕಾವಲು ಇತ್ತು. ಸಂಯೋಜಕರ ಸಂಘ 1932ರಿಂದ ಇದ್ದದ್ದು, ತುಂಬ ಬಲವಾದದ್ದು. ರೇಡಿಯೋ, ಟಿವಿ, ಮೆಲೋದಿಯಾ, ಸ್ಟುಡಿಯೋ, ಎಲ್ಲ ಕಡೆ 'ಹುದ್‌ಸೊವೆತ್' ಅನ್ನುವ ಕಲಾ ಸಮಿತಿಗಳು ಕೂತು ಹಾಡನ್ನು ಕೇಳಿ, ಆಗಬಹುದು ಅಥವಾ ಬೇಡ ಅನ್ನುತ್ತಿದ್ದವು. ಸಂಘದಲ್ಲಿ ಇಲ್ಲದವರ ಹಾಡು ಅಲ್ಲಿ ದಾಟುವುದು ಕಷ್ಟ. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವರಿಗೆ ಅಕ್ಕಿ ಇಲ್ಲ ಅಂದ ಹಾಗೆ. ಪುಗಚೋವಾ ಆ ಸಂಘದ ಸದಸ್ಯೆ ಅಲ್ಲ. ಆಕೆಯ ಕೆಲಸ ಹಾಡುವುದು, ಹಾಡಿ ಇಳಿದು ಹೋಗುವುದು.

ಸುಳ್ಳು ಹೆಸರು ಹೇಗೆ ಕೆಲಸ ಮಾಡಿತು

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗೊರ್ಬೊನೊಸ್ ಕೂಡ ಸಂಘದ ಸದಸ್ಯ ಅಲ್ಲವಲ್ಲ? ಪುಗಚೋವಾಗೆ ಮುಚ್ಚಿದ ಬಾಗಿಲು ಅವನಿಗೆ ಹೇಗೆ ತೆರೆಯಿತು?

ನನ್ನ ಪ್ರಕಾರ ಉತ್ತರ ಆ ಹಾಸಿಗೆಯಲ್ಲಿದೆ. ಸೋವಿಯತ್ ವ್ಯವಸ್ಥೆಯಲ್ಲಿ ಹವ್ಯಾಸಿ ಕಲಾವಿದರಿಗೆ ಒಂದು ಮಾನ್ಯ ಜಾಗ ಇತ್ತು. ಕಾರ್ಖಾನೆಯ ಕೆಲಸಗಾರ ಕವಿತೆ ಬರೆದರೆ, ಹಳ್ಳಿಯ ಟೀಚರ್ ಹಾಡು ಕಟ್ಟಿದರೆ ಬೆನ್ನು ತಟ್ಟುತ್ತಿದ್ದರು. ಅದರ ಮೇಲೆ ಕಾಯಿಲೆಯ ಹುಡುಗ, ಎದ್ದು ಓಡಾಡಲು ಆಗದವನು, ಆದರೂ ಸೋಲದೆ ಸಂಗೀತ ಮಾಡುತ್ತಿದ್ದಾನೆ. ಇಂಥವನ ಹಾಡನ್ನು ಯಾವ ಸಮಿತಿ ಬೇಡ ಅನ್ನುತ್ತದೆ? ಬೇಡ ಅಂದವರೇ ಕಟುಕರಾಗಿ ಕಾಣುತ್ತಾರೆ. ಅದೇ ಹಾಡನ್ನು ಹೆಸರಾದ ಗಾಯಕಿ ತಂದು ಇದು ನನ್ನದು ಅಂದಿದ್ದರೆ, ಇವಳಿಗೆ ಹಾಡಿದ ಹೆಸರು ಸಾಲದೆ ಗೌರವಧನವೂ ಬೇಕಾ, ತನ್ನನ್ನು ತಾನು ಏನು ಅಂದುಕೊಂಡಿದ್ದಾಳೆ, ಅನ್ನುವ ಮಾತು ಬರುತ್ತಿತ್ತು. ಹುಡುಗನಿಗೆ ಕರುಣೆ ಸಿಗುತ್ತಿತ್ತು, ಆಕೆಗೆ ಅನುಮಾನ. ಹಾಡಿನ ಸ್ವರಗಳು ಎರಡೂ ಕಡೆ ಅವೇ.

ಈ ಉಪಾಯದಲ್ಲಿ ಆಕೆಯ ಆಗಿನ ಗಂಡ, ಚಿತ್ರ ನಿರ್ದೇಶಕ ಅಲೆಕ್ಸಾಂದರ್ ಸ್ತೆಫನೋವಿಚ್ ಅವರ ಕೈಯೂ ಇತ್ತು. ಗೊರ್ಬೊನೊಸ್‌ನನ್ನು ಹುಟ್ಟಿಸಿದ್ದು ತಾನೇ ಅಂತ ಅವರು ಆಮೇಲೆ ಹೇಳಿಕೊಂಡಿದ್ದಾರೆ. ನಂಬಿಕೆ ಬರಲಿ ಅಂತ ಒಂದು ಫೋಟೋ ಕೂಡ ತೆಗೆಸಿದರು. ಪುಗಚೋವಾಗೆ ಗಂಡಸಿನ ಬಟ್ಟೆ ತೊಡಿಸಿ, ಆ ಹೆಸರುವಾಸಿ ಕೂದಲನ್ನು ಮರೆಮಾಡಿ, ಮೀಸೆ ಅಂಟಿಸಿ ತೆಗೆದ ಚಿತ್ರ. ಇವತ್ತು ನೋಡಿದರೆ ಕಣ್ಣಲ್ಲೇ ಗೊತ್ತಾಗುತ್ತದೆ. ಆದರೆ ಗೊರ್ಬೊನೊಸ್ ಇದ್ದಾನೆ ಅಂತ ಮೊದಲೇ ಒಪ್ಪಿಕೊಂಡವರಿಗೆ ಗೊತ್ತಾಗುತ್ತಿರಲಿಲ್ಲ.

ಇನ್ನು ಹಾಡುಗಳು. ಅವು ಕಳಪೆಯಾಗಿದ್ದರೆ ಈ ಪ್ರಕರಣದ ಬಗ್ಗೆ ಇಷ್ಟು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಒಂದನ್ನು ಹತ್ತಿರದಿಂದ ನೋಡೋಣ. ಶೇಕ್ಸ್‌ಪಿಯರ್‌ನ 90ನೇ ಸಾನೆಟ್, ಸಮುಯಿಲ್ ಮರ್ಶಾಕ್ ಮಾಡಿದ ರಷ್ಯನ್ ಅನುವಾದದಲ್ಲಿ. ಬಿಟ್ಟು ಹೋಗುವುದಿದ್ದರೆ ಈಗಲೇ ಹೋಗು, ಲೋಕವೆಲ್ಲ ನನ್ನ ಮೇಲೆ ಮುಗಿಬಿದ್ದಿರುವ ಈ ಹೊತ್ತಲ್ಲೇ ಹೋಗು, ಎಲ್ಲ ಕಷ್ಟ ದಾಟಿದ ಮೇಲೆ ಕೊನೆಯ ಪೆಟ್ಟಾಗಿ ಬರಬೇಡ, ಇದು ಅದರ ಭಾವ.

ಸಾನೆಟ್‌ಗೆ ರಾಗ ಹಾಕುವುದು ಸುಲಭ ಅಲ್ಲ. ಹದಿನಾಲ್ಕು ಸಾಲು. ಪಲ್ಲವಿ ಇಲ್ಲ. ಸಿನಿಮಾ ಹಾಡಿಗೆ ಜನ ಕಾಯುವುದೇ ಪಲ್ಲವಿ ಮತ್ತೆ ಬರುವುದಕ್ಕೆ, ಇಲ್ಲಿ ಮತ್ತೆ ಬರುವಂಥದ್ದು ಏನೂ ಇಲ್ಲ, ವಾದ ಮಾತ್ರ ಮುಂದೆ ಮುಂದೆ ಹೋಗುತ್ತದೆ. ಆಕೆ ಮಾಡಿದ್ದು ಏನೆಂದರೆ, ಶುರುವಿನಲ್ಲಿ ಮಾತಾಡುವ ಹಾಗೆ ತಗ್ಗಿದ ದನಿಯಲ್ಲಿ ಹಾಡಿ, ಸಾಲು ಸಾಲಿಗೂ ಒತ್ತಡ ಏರಿಸುತ್ತಾ, ಬಿಟ್ಟು ಹೋಗು ಅನ್ನುವ ಮಾತು ಬರುವ ಹೊತ್ತಿಗೆ ಕೂಗಿನ ಅಂಚಿಗೆ ತಂದು ನಿಲ್ಲಿಸಿದ್ದು. ರಾಗ ದನಿಯ ಅಳತೆಗೆ ಹೊಲಿದ ಹಾಗಿದೆ, ಯಾಕೆಂದರೆ ಹೊಲಿದವರೂ ತೊಟ್ಟವರೂ ಒಬ್ಬರೇ. ತನ್ನ ದನಿ ಎಲ್ಲಿ ಒಡೆಯುತ್ತದೆ, ಒಡೆದಾಗ ಎಷ್ಟು ಚೆನ್ನಾಗಿರುತ್ತದೆ ಅಂತ ಹಾಡುವವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಚಿತ್ರದ ಹೆಸರನ್ನೇ ಹೊತ್ತ ಹಾಡಿನ ಪದಗಳು ಬಲ್ಕಾರ್ ಕವಿ ಕೈಸಿನ್ ಕುಲಿಯೆವ್ ಅವರವು. ಕಾಕಸಸ್ ಬೆಟ್ಟಗಳ ಪುಟ್ಟ ಸಮುದಾಯ ಬಲ್ಕಾರರದು. 1944ರಲ್ಲಿ ಸ್ಟಾಲಿನ್ ಆಡಳಿತ ಇಡೀ ಸಮುದಾಯವನ್ನೇ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಗಡಿಪಾರು ಮಾಡಿತ್ತು. ಒಂದು ಪಾಪ್ ಚಿತ್ರಕ್ಕೆ ಶೇಕ್ಸ್‌ಪಿಯರ್, ಕುಲಿಯೆವ್ ಇವರನ್ನು ತರುವ ಧೈರ್ಯ ನೋಡಿ. ಮುಂದೆ ಆಕೆ ಸ್ಟಾಲಿನ್ ಕಾಲದ ಬಂಧನ ಶಿಬಿರದಲ್ಲಿ ಸತ್ತ ಕವಿ ಓಸಿಪ್ ಮಂಡೆಲ್‌ಸ್ಟಾಮ್ ಅವರ ಲೆನಿನ್‌ಗ್ರಾಡ್ ಕವಿತೆಗೂ ರಾಗ ಹಾಕಿ ಹಾಡಿದರು. ಆಕೆಯ ಈ ಓದಿನ ಬಗ್ಗೆ ಮಾತಾಡುವವರು ಕಡಿಮೆ, ನನಗೆ ಅದು ಬೇಸರದ ವಿಷಯ.

ಜತ್ಸೇಪಿನ್

ಸಮಿತಿಯ ಕಣ್ಣಿಗೆ ಮಣ್ಣೆರಚಿದ್ದಕ್ಕೆ ನಾನು ಆಕೆಯನ್ನು ತಪ್ಪು ಅನ್ನುವುದಿಲ್ಲ. ಆದರೆ ಆ ಮುಖವಾಡದ ಎದುರು ಇದ್ದದ್ದು ಸಮಿತಿ ಮಾತ್ರ ಅಲ್ಲ.

ಜತ್ಸೇಪಿನ್ ಯಾರು ಅಂತ ತಿಳಿಯಬೇಕು. ಲೆಯೊನಿದ್ ಗೈದಾಯ್ ಮಾಡಿದ ಜನಪ್ರಿಯ ಹಾಸ್ಯ ಚಿತ್ರಗಳ ಸಂಗೀತ ಅವರದು. ಅರವತ್ತರ ದಶಕದಿಂದ ರಷ್ಯನ್ನರ ಬಾಯಲ್ಲಿ ಕೂತ ಎಷ್ಟೋ ರಾಗಗಳು ಅವರವು. ಕವಿ ಲೆಯೊನಿದ್ ದೆರ್ಬೆನ್ಯೊವ್ ಜೊತೆ ಸೇರಿ ಪುಗಚೋವಾಗೆ ಒಳ್ಳೊಳ್ಳೆ ಹಾಡುಗಳನ್ನು ಕೊಟ್ಟಿದ್ದರು. ಎಲ್ಲಕ್ಕಿಂತ ದೊಡ್ಡದೆಂದರೆ, ಅವರ ಮನೆಯಲ್ಲೇ ಅವರು ತಾವೇ ಕಟ್ಟಿಕೊಂಡ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಆ ಕಾಲದ ಮಾಸ್ಕೋದಲ್ಲಿ ಇದು ಎಂಥ ಅಪರೂಪ ಅಂತ ಯೋಚಿಸಿ. ಸರ್ಕಾರಿ ಸ್ಟುಡಿಯೋಗಳಲ್ಲಿ ಸರದಿ, ಅನುಮತಿ, ಗಡಿಯಾರ ನೋಡಿ ಹಾಡುವುದು. ಜತ್ಸೇಪಿನ್ ಮನೆಯಲ್ಲಿ ಸರಿ ಅನ್ನಿಸುವ ತನಕ ಮತ್ತೆ ಹಾಡಬಹುದಿತ್ತು.

ಪಾಪ, ಕಾಯಿಲೆಯ ಹುಡುಗ, ಅವನ ಹಾಡನ್ನು ನಿಮ್ಮಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಪುಗಚೋವಾ ಕೇಳಿದಾಗ ಅವರು ಒಪ್ಪಿದರು. ಹುಡುಗನಿಗೆ ಸಹಾಯ ಆಗಲಿ ಅಂತ ಒಪ್ಪಿದರು. ಆಮೇಲೆ ತಿಳಿಯಿತು, ಆ ಹಾಡುಗಳು ತಾವೇ ಸಂಗೀತ ಮಾಡುತ್ತಿರುವ ಚಿತ್ರದೊಳಗೆ ಹೋಗಿವೆ, ಹುಡುಗ ಇಲ್ಲವೇ ಇಲ್ಲ, ಮಾಡಿದವರು ತಮ್ಮ ಸ್ಟುಡಿಯೋದಲ್ಲಿ ಕೂತು ಹಾಡಿದ ಈಕೆಯೇ. ಒಬ್ಬರ ಸಂಗೀತ ಅಂತ ಒಪ್ಪಂದವಾದ ಚಿತ್ರದೊಳಗೆ ಅವರಿಗೆ ತಿಳಿಯದ ಹಾಗೆ ಇನ್ನೊಬ್ಬರ ಹಾಡು ಸೇರಿಸುವುದು ಯಾವ ದೇಶದಲ್ಲೂ ಸಣ್ಣ ಮಾತಲ್ಲ. ಜತ್ಸೇಪಿನ್ ಸಿಟ್ಟಾಗಿ ಚಿತ್ರದಿಂದ ಹೊರನಡೆದರು. ಅವರು ಮಾಡಿಕೊಟ್ಟಿದ್ದ ಹಾಡುಗಳು ಚಿತ್ರದಲ್ಲಿ ಉಳಿದವು. ಆದರೆ ಅವರಿಬ್ಬರ ಜೋಡಿ ಹಿಂದಿನ ಹಾಗೆ ಮುಂದುವರಿಯಲಿಲ್ಲ.

ನನಗೆ ಈ ಪ್ರಕರಣದಲ್ಲಿ ನೋಯಿಸುವ ಭಾಗ ಇದೇ. ಸಮಿತಿಗೆ ಹೇಳಿದ ಸುಳ್ಳನ್ನೇ ಸ್ನೇಹಿತರಿಗೂ ಹೇಳಬೇಕಿತ್ತಾ? ಸಮಿತಿಯವರು ಏನನ್ನೂ ಕಳೆದುಕೊಳ್ಳಲಿಲ್ಲ. ಕಳೆದುಕೊಂಡವರು ತನ್ನ ಮನೆಯ ಬಾಗಿಲು ತೆರೆದು ಕೊಟ್ಟ ಮನುಷ್ಯ. ಅವರ ಮರುಕವನ್ನೇ ಬಳಸಿಕೊಂಡದ್ದು ಇನ್ನೂ ಕೆಟ್ಟದ್ದು. ಕೆಲವರು ಇದನ್ನು ತಮಾಷೆಯ ಪ್ರಸಂಗವಾಗಿ ಹೇಳುತ್ತಾರೆ, ಮೀಸೆಯ ಫೋಟೋ ತೋರಿಸಿ ನಗುತ್ತಾರೆ. ಜತ್ಸೇಪಿನ್ ಜಾಗದಲ್ಲಿ ನಿಂತು ನೋಡಿದರೆ ನಗು ಬರುವುದಿಲ್ಲ.

ಹಾಗಂತ ಪುಗಚೋವಾ ಕಡೆಯ ನ್ಯಾಯವೂ ಕರಗಿ ಹೋಗುವುದಿಲ್ಲ. ಮೊದಲೇ ಬಾಯಿ ಬಿಟ್ಟು ಕೇಳಿದ್ದರೆ, ಚಿತ್ರದ ಸಂಗೀತ ನಿರ್ದೇಶಕರ ಒಪ್ಪಿಗೆ, ಸ್ಟುಡಿಯೋದ ಒಪ್ಪಿಗೆ, ಸಮಿತಿಯ ಒಪ್ಪಿಗೆ ಎಲ್ಲ ಬೇಕಾಗುತ್ತಿತ್ತು. ಎಲ್ಲಾದರೂ ಒಂದು ಕಡೆ ಬೇಡ ಅಂದಿದ್ದರೆ ಸಾನೆಟ್ ಹಾಡು ಹುಟ್ಟುತ್ತಲೇ ಇರಲಿಲ್ಲ. ಎರಡೂ ನಿಜ. ಒಂದನ್ನು ಮುಂದೆ ಹಿಡಿದು ಇನ್ನೊಂದನ್ನು ಮುಚ್ಚಲು ನನಗೆ ಇಷ್ಟವಿಲ್ಲ.

ಆಮೇಲೆ ಆದದ್ದು

ಮೆಲೋದಿಯಾ ಹೊರತಂದ 'ಜೆರ್ಕಲೊ ದುಶಿ' ಎಂಬ ಜೋಡಿ ಡಿಸ್ಕ್‌ನಲ್ಲಿ ಗೊರ್ಬೊನೊಸ್ ಹೆಸರು ಸಂಗೀತಗಾರನಾಗಿ ಅಚ್ಚಾಯಿತು. 1978ರ ಆಗಸ್ಟ್‌ನಲ್ಲಿ ಪುಗಚೋವಾ ಪೋಲೆಂಡಿನ ಸೊಪೋತ್‌ನಲ್ಲಿ ನಡೆದ ಇಂಟರ್‌ವಿಷನ್ ಸ್ಪರ್ಧೆಯ ಅತ್ಯುನ್ನತ ಪ್ರಶಸ್ತಿ ಗೆದ್ದರು. 1979ರಲ್ಲಿ ಚಿತ್ರ ತೆರೆಗೆ ಬಂತು. ನಿರ್ದೇಶಕ ಅಲೆಕ್ಸಾಂದರ್ ಒರ್ಲೊವ್, ಪಾತ್ರದ ಹೆಸರು ಅನ್ನಾ ಸ್ತ್ರೆಲ್ತ್ಸೊವಾ. ವಿಮರ್ಶಕರು ಮೆಚ್ಚಲಿಲ್ಲ. ಕಥೆ ಸಪ್ಪೆ ಅನ್ನುವ ಅವರ ಮಾತನ್ನು ನಾನೂ ಒಪ್ಪುತ್ತೇನೆ. ಆಕೆ ಸುಮ್ಮನಿದ್ದಾಗ ಚಿತ್ರ ಕುಂಟುತ್ತದೆ, ಹಾಡಲು ಶುರು ಮಾಡಿದ ಕೂಡಲೇ ಎದ್ದು ನಿಲ್ಲುತ್ತದೆ. ಜನ ಮಾತ್ರ ಮುಗಿಬಿದ್ದು ನೋಡಿದರು, ಸುಮಾರು 5.5 ಕೋಟಿ ಟಿಕೆಟ್. 'ಸೋವಿಯತ್ ತೆರೆ' ಪತ್ರಿಕೆಯ ಓದುಗರು ಆ ವರ್ಷದ ಒಳ್ಳೆಯ ನಟಿ ಅಂತ ಆಕೆಯನ್ನು ಆರಿಸಿದರು.

ಅಷ್ಟು ಹೊತ್ತಿಗೆ ಗೊರ್ಬೊನೊಸ್ ಯಾರು ಅಂತ ಗುಟ್ಟಾಗಿ ಉಳಿದಿರಲಿಲ್ಲ. ಮುಂದೆ ಆ ಹೆಸರು ಬೇಕಾಗಲೂ ಇಲ್ಲ. ಹಾಡುಗಳು ಗೆದ್ದಿದ್ದವು, ಅವು ಆಕೆಯವೇ ಅಂತ ಗೊತ್ತಾಗಿತ್ತು, ಇನ್ನು ನಿನಗೆ ರಾಗ ಹಾಕಲು ಬರುವುದಿಲ್ಲ ಅಂತ ಯಾವ ಸಮಿತಿಗೂ ಹೇಳಲು ಬಾಯಿಲ್ಲ. 1980ರ 'ಪೊದ್ನಿಮೀಸ್ ನದ್ ಸುಯೆತೊಯ್' ಡಿಸ್ಕ್‌ನಲ್ಲಿ ಸಂಗೀತದ ಮುಂದೆ ಅಲ್ಲಾ ಪುಗಚೋವಾ ಅಂತಲೇ ಬಂತು. ಕವಿ ಇಲ್ಯಾ ರೆಜ್ನಿಕ್ ಜೊತೆಗಿನ ದೀರ್ಘ ಒಡನಾಟ ಗಟ್ಟಿಯಾದದ್ದೂ ಆ ಹೊತ್ತಿಗೇ. 1981ರಲ್ಲಿ ಗೀತಿಸ್ ನಾಟಕ ಸಂಸ್ಥೆಯಲ್ಲಿ ವೇದಿಕೆ ನಿರ್ದೇಶನದ ಓದನ್ನೂ ಮುಗಿಸಿದರು. ಅಲ್ಲಿಂದ ಮುಂದೆ ಬೆಳಕು, ಬಟ್ಟೆ, ಹಾಡಿನ ಸಾಲು ಎಲ್ಲ ಆಕೆ ಹೇಳಿದ ಹಾಗೆ.

ವಿಚಿತ್ರ ಅಂದರೆ, ಹಕ್ಕು ಗಳಿಸಿದ ಮೇಲೆ ಆಕೆ ಎಲ್ಲವನ್ನೂ ತಾನೇ ಮಾಡಲು ಹೋಗಲಿಲ್ಲ. 1982ರಲ್ಲಿ ಬಂದು ಇಡೀ ದೇಶ ಹಾಡಿದ 'ಮಿಲಿಯನ್ ಕೆಂಪು ಗುಲಾಬಿ' ಲಾಟ್ವಿಯಾದ ರೈಮಂಡ್ಸ್ ಪೌಲ್ಸ್ ರಾಗ, ಆಂದ್ರೆಯ್ ವೊಜ್ನೆಸೆನ್‌ಸ್ಕಿ ಪದ. ಆ ರಾಗ ಮೊದಲು ಲಾಟ್ವಿಯನ್ ಭಾಷೆಯಲ್ಲಿ ಬೇರೆಯೇ ಪದಗಳ ಜೊತೆ ಬಂದಿತ್ತು. ಒಳ್ಳೆಯ ಹಾಡು ಬೇರೆಯವರಿಂದ ಬಂದರೆ ತೆಗೆದುಕೊಳ್ಳುವಷ್ಟು ವಿಶ್ವಾಸ ಆಗ ಆಕೆಗೆ ಇತ್ತು.

ಹೆಸರಿನ ವಿಷಯ ಇನ್ನೊಂದು ಸಲ ಬಂತು. 1991ರ ಡಿಸೆಂಬರ್‌ನಲ್ಲಿ, ಒಕ್ಕೂಟ ಮುರಿದು ಬೀಳುವ ಕೆಲವೇ ದಿನ ಮೊದಲು, ಆಕೆಗೆ ಸೋವಿಯತ್ ಒಕ್ಕೂಟದ ಜನಕಲಾವಿದೆ ಬಿರುದು ಸಿಕ್ಕಿತು. ಸುಮಾರು ಮೂವತ್ತೊಂದು ವರ್ಷ ಕಳೆದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಯುಕ್ರೇನ್ ಯುದ್ಧವನ್ನು ವಿರೋಧಿಸಿದ ಗಂಡ ಮಕ್ಸಿಮ್ ಗಾಲ್ಕಿನ್ ಅವರನ್ನು ರಷ್ಯಾ ಸರ್ಕಾರ 'ವಿದೇಶಿ ಏಜೆಂಟ್' ಪಟ್ಟಿಗೆ ಸೇರಿಸಿತು. ಎರಡು ದಿನಕ್ಕೆ ಪುಗಚೋವಾ, ನನ್ನನ್ನೂ ಅದೇ ಪಟ್ಟಿಗೆ ಸೇರಿಸಿ ಅಂತ ನ್ಯಾಯ ಇಲಾಖೆಗೆ ಬಹಿರಂಗವಾಗಿ ಬರೆದರು. ತಮ್ಮ ಹೆಸರಲ್ಲೇ ಬರೆದರು. ಆಗ ಆಕೆಗೆ ಎಪ್ಪತ್ತಮೂರು.

ಗೊರ್ಬೊನೊಸ್ ಹೆಸರಿನ ಹಳೆಯ ಡಿಸ್ಕ್‌ಗಳನ್ನು ಇವತ್ತು ಸಂಗ್ರಾಹಕರು ಹುಡುಕಿ ಇಟ್ಟುಕೊಳ್ಳುತ್ತಾರೆ. ಹಾಡು ಕೇಳಬೇಕು ಅನ್ನಿಸಿದರೆ ಡಿಸ್ಕ್ ಬೇಕಿಲ್ಲ, ಸಾನೆಟ್ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ರಷ್ಯನ್ ಬರದಿದ್ದರೂ ಕೇಳಿ. ಅದರ ಜೊತೆಗೆ ಅದೇ ಚಿತ್ರಕ್ಕೆ ಜತ್ಸೇಪಿನ್ ಮಾಡಿದ 'ನನ್ನ ಬಗ್ಗೆ ಒಂದು ಹಾಡು' ಅನ್ನೂ ಕೇಳಿ, ಅದೂ ಅಷ್ಟೇ ಚೆನ್ನಾಗಿದೆ.